ಗಾಳಿಯ ವೇಗಕ್ಕೆ ನೆಲದ ನಕಾಶೆ

2025ರ ಆಗಸ್ಟ್‌ನಲ್ಲಿ ಹೈದರಾಬಾದಿನ ರಾಮಂತಪುರದಲ್ಲಿ ಕೃಷ್ಣಾಷ್ಟಮಿಯ ರಥಕ್ಕೆ ವಿದ್ಯುತ್ ಹರಿದು ಐದು ಜನ ತೀರಿಕೊಂಡರು. ಗಣೇಶನ ಹಬ್ಬ ಹತ್ತಿರದಲ್ಲೇ ಇತ್ತು. ಈ ಊರಿನಲ್ಲಿ ಗಣೇಶನ ಹಬ್ಬವೆಂದರೆ ಎರಡಾಳು, ಮೂರಾಳೆತ್ತರದ ಮೂರ್ತಿಗಳು ಬೀದಿ ಬೀದಿಯಲ್ಲೂ ಸಾಗಿ ಬರುತ್ತವೆ. ಇನ್ನಷ್ಟು ಸಾವು ನೋಡಲು ಸರ್ಕಾರ ಸಿದ್ಧವಿರಲಿಲ್ಲ. ವಿದ್ಯುತ್ ವಿತರಣಾ ಕಂಪನಿಯ ಸಿಬ್ಬಂದಿ ಏಣಿ ಹಿಡಿದು ಹೊರಟು, ಕಂಬಗಳಿಗೆ ಜೋತುಬಿದ್ದಿದ್ದ ಕೇಬಲ್ಲುಗಳನ್ನು ಕತ್ತರಿಸತೊಡಗಿದರು. ಕಪ್ಪು ಸುರುಳಿಗಳು ರಾಶಿ ರಾಶಿಯಾಗಿ ಫುಟ್‌ಪಾತಿನ ಮೇಲೆ ಬಿದ್ದವು. ಅವುಗಳ ಜೊತೆಗೆ ಎಷ್ಟೋ ಬಡಾವಣೆಗಳ ಇಂಟರ್ನೆಟ್ಟೂ ನಿಂತುಹೋಯಿತು.

ಮನೆಯಿಂದ ಕೆಲಸ ಮಾಡುವವರು, ಆನ್‌ಲೈನ್ ಪಾಠದ ಮಕ್ಕಳು, ಕಾರ್ಡ್ ಯಂತ್ರ ನಂಬಿಕೊಂಡ ಔಷಧದ ಅಂಗಡಿಯವರು, ಎಲ್ಲರೂ ಒಮ್ಮೆಗೇ ಸಿಕ್ಕಿಬಿದ್ದರು. ಏರ್‌ಟೆಲ್ ಕಂಪನಿ ತೆಲಂಗಾಣ ಹೈಕೋರ್ಟಿಗೆ ಹೋಯಿತು. ಕಂಬದ ಮೇಲೆ ಯಾರ ಅನುಮತಿಯಿಂದ ಏನು ಇರಬೇಕು, ಇರಬಾರದು ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಬಂತು. ಒಂದು ಕಡೆ ಜನರ ಜೀವ, ಇನ್ನೊಂದು ಕಡೆ ಜನರ ದಿನನಿತ್ಯದ ಬದುಕು. ಎರಡೂ ಒಂದೇ ಕಂಬಕ್ಕೆ ನೇತುಬಿದ್ದಿದ್ದವು.

ವೇಗದ ಮೊಬೈಲ್ ಜಾಲ ನಮ್ಮ ನಗರಗಳನ್ನು ಹೇಗೆ ಬದಲಾಯಿಸೀತು ಎಂದು ಮಾತಾಡುವಾಗ ಸಾಮಾನ್ಯವಾಗಿ ಚಾಲಕರಿಲ್ಲದ ಕಾರು, ತಾನೇ ಯೋಚಿಸುವ ಸಿಗ್ನಲ್ಲು, ದೂರದಿಂದಲೇ ಮಾಡುವ ಶಸ್ತ್ರಚಿಕಿತ್ಸೆಯ ಚಿತ್ರಗಳು ಕಣ್ಣ ಮುಂದೆ ಬರುತ್ತವೆ. ಹೈದರಾಬಾದಿನಲ್ಲಿದ್ದು ನೋಡಿದರೆ ಮಾತು ಬೇರೆ ಕಡೆಯಿಂದ ಶುರುವಾಗಬೇಕು ಅನ್ನಿಸುತ್ತದೆ. ಆ ಜಾಲ ಬದುಕುವುದಕ್ಕೆ ನಗರ ಮೊದಲು ಏನು ಕೊಡಬೇಕು? ಇದು ಮೊಬೈಲ್ ಕಂಪನಿಗಳಿಗೆ ಬಿಟ್ಟು ಸುಮ್ಮನಿರುವ ಪ್ರಶ್ನೆ ಅಲ್ಲ. ನೀರು, ಚರಂಡಿ, ರಸ್ತೆಗಳ ಹಾಗೆ ನಗರ ಯೋಜನೆಯ ಒಳಗೇ ಬರಬೇಕಾದ ಪ್ರಶ್ನೆ.

ಮೊಬೈಲನ್ನು ನಾವು ತಂತಿಯಿಲ್ಲದ ಜಾಲ ಎನ್ನುತ್ತೇವೆ. ನಿಜವಾಗಿ ತಂತಿಯಿಲ್ಲದಿರುವುದು ಕೈಯಲ್ಲಿರುವ ಫೋನಿನಿಂದ ಹತ್ತಿರದ ಆಂಟೆನಾದವರೆಗೆ, ಅಂದರೆ ಕೆಲವು ನೂರು ಮೀಟರ್ ಮಾತ್ರ. ಅಲ್ಲಿಂದಾಚೆಗೆ ನಿಮ್ಮ ಮಾತು, ಚಿತ್ರ, ದುಡ್ಡು ಎಲ್ಲವೂ ಬಹುಪಾಲು ಕೂದಲೆಳೆಯಂಥ ಗಾಜಿನ ತಂತುವಿನೊಳಗೆ ಬೆಳಕಾಗಿ ಓಡುತ್ತವೆ. ಹಳೆಯ ಟವರುಗಳಲ್ಲಿ ಅನೇಕವು ಡಿಶ್ ಮೂಲಕ ಒಂದರಿಂದ ಇನ್ನೊಂದಕ್ಕೆ ಸಂಕೇತ ದಾಟಿಸಿ ಕೆಲಸ ಸಾಗಿಸುತ್ತಿದ್ದವು. 5ಜಿ ಹೊರುವ ಭಾರಕ್ಕೆ ಅಷ್ಟು ಸಾಲದು. ಆಂಟೆನಾದ ಬುಡದವರೆಗೆ ಫೈಬರ್ ಬಂದಷ್ಟೂ ಒಳ್ಳೆಯದು.

ಜೊತೆಗೆ ಅಲೆಗಳ ಗುಣವೊಂದಿದೆ. ಊರಾಚೆಯ ತಮಟೆಯ ಸದ್ದು ಮನೆಯೊಳಗೆ ಕೇಳುತ್ತದೆ, ಗೆಜ್ಜೆಯ ಸದ್ದು ಅಂಗಳ ದಾಟುವುದಿಲ್ಲ. ರೇಡಿಯೊ ಅಲೆಗಳೂ ಹಾಗೆಯೇ. 700 ಮೆಗಾಹರ್ಟ್ಸ್‌ನ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಹೊರುವ ಮಾಹಿತಿ ಕಡಿಮೆ. 3.3 ಗಿಗಾಹರ್ಟ್ಸ್ ಆಸುಪಾಸಿನದು ಹೆಚ್ಚು ಹೊರುತ್ತದೆ, ದೂರ ಹೋಗದು. 26 ಗಿಗಾಹರ್ಟ್ಸ್ ಅಂತೂ ವಿಪರೀತ ವೇಗದ್ದು, ಆದರೆ ಒಂದು ಗೋಡೆ, ಒಂದು ದಟ್ಟ ಮರ ಅಡ್ಡ ಬಂದರೆ ಸೋತುಬಿಡುತ್ತದೆ. 2022ರ ಜುಲೈ ಕೊನೆಯಲ್ಲಿ ಶುರುವಾದ ಹರಾಜಿನಲ್ಲಿ ಕೇಂದ್ರ ಸರ್ಕಾರ ಈ ಮೂರೂ ಬಗೆಯ ತರಂಗಾಂತರಗಳನ್ನು ಮಾರಿತು. ಒಟ್ಟು ಬಂದದ್ದು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ. ಅದೇ ವರ್ಷದ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಉದ್ಘಾಟನೆಯಾಯಿತು. ಏರ್‌ಟೆಲ್ ಮೊದಲು ಆರಿಸಿಕೊಂಡ ಎಂಟು ನಗರಗಳಲ್ಲಿ ಬೆಂಗಳೂರು, ಹೈದರಾಬಾದ್ ಎರಡೂ ಇದ್ದವು. ನವೆಂಬರ್ 10ರಂದು ಜಿಯೊ ಈ ಎರಡು ನಗರಗಳಿಗೆ ಒಂದೇ ದಿನ ಕಾಲಿಟ್ಟಿತು.

ವೇಗ ಹೆಚ್ಚಿದಷ್ಟೂ ಅಲೆಯ ದೂರ ಕುಗ್ಗುತ್ತದೆ, ದೂರ ಕುಗ್ಗಿದಷ್ಟೂ ಆಂಟೆನಾಗಳ ಸಂಖ್ಯೆ ಹೆಚ್ಚಬೇಕಾಗುತ್ತದೆ. ಮಹಡಿಯ ಮೇಲಿನ ದೈತ್ಯ ಟವರುಗಳಷ್ಟೇ ಇದ್ದರೆ ಆಗುವುದಿಲ್ಲ. ಬೀದಿ ದೀಪದ ಕಂಬ, ಬಸ್ ತಂಗುದಾಣದ ಚಾವಣಿ, ಮೆಟ್ರೊ ಕಂಬ, ಸಿಗ್ನಲ್ಲಿನ ತೋಳು, ಹೀಗೆ ಎಲ್ಲೆಲ್ಲೂ ಸಣ್ಣ ಪೆಟ್ಟಿಗೆಗಳು ಕೂರಬೇಕು. ಪ್ರತಿ ಪೆಟ್ಟಿಗೆಗೂ ಕರೆಂಟು ಬೇಕು, ಫೈಬರ್ ಬೇಕು, ಕೆಟ್ಟರೆ ಹತ್ತಿ ನೋಡುವುದಕ್ಕೆ ಜಾಗ ಬೇಕು. ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದಿ ಬೀದಿಯ ಇಂಥ ಕಂಬಗಳನ್ನು ಬಳಸಲು ದಾರಿ ಮಾಡಿತು. 2023ರ ದೂರಸಂಪರ್ಕ ಕಾಯ್ದೆಯ ಅಡಿಯಲ್ಲಿ ಬಂದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಕಾಗದದ ಮೇಲೆ ದಾರಿ ಇದೆ. ಬೀದಿಗೆ ಇಳಿದರೆ ಕಂಬ ವಿದ್ಯುತ್ ಕಂಪನಿಯದು, ದೀಪ ಪಾಲಿಕೆಯದು, ಸಿಗ್ನಲ್ಲು ಪೊಲೀಸರದು, ದೊಡ್ಡ ರಸ್ತೆ ಇನ್ನೊಂದು ಇಲಾಖೆಯದು, ನೆಲದಡಿಯ ನೀರಿನ ಕೊಳವೆ ಜಲಮಂಡಳಿಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಮ್ಮ ನಗರಗಳ ರಸ್ತೆ ಅಗೆತಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ.

ಹೈದರಾಬಾದಿನ ಕಾಚಿಗುಡದಲ್ಲಿ ನಾನು ದಿನವೂ ಹಾಯುವ ಓಣಿಯೊಂದರ ಕಂಬವನ್ನು ನೋಡಿ. ಮೇಲೆ ವಿದ್ಯುತ್ ತಂತಿ. ಅದರ ಕೆಳಗೆ ನಾಲ್ಕೂ ದಿಕ್ಕಿನಿಂದ ಬಂದು ಗಂಟುಬಿದ್ದ ಕಪ್ಪು ಕೇಬಲ್ಲುಗಳು. ಮುಂದೆಂದಾದರೂ ಬೇಕಾದೀತೆಂದು ಸುತ್ತಿಟ್ಟ ಫೈಬರ್ ಸುರುಳಿಗಳು ಸೈಕಲ್ ಟೈರಿನಷ್ಟು ಅಗಲ. ಅವುಗಳ ನಡುವೆ ಮುಚ್ಚಳ ಬಿಚ್ಚಿಕೊಂಡ ಕೂಡುಪೆಟ್ಟಿಗೆಗಳು, ಮಳೆಗೆ ಬಣ್ಣ ಕಳೆದುಕೊಂಡ ಟ್ಯೂಷನ್ ಕ್ಲಾಸಿನ ಬೋರ್ಡು. ತೀರ ಕೆಳಗಿನ ಎಳೆಗಳು ಎಷ್ಟು ಜಗ್ಗಿವೆಯೆಂದರೆ ಸಾಮಾನು ಹೊತ್ತ ಆಟೊ ಬಂದರೆ ಯಾರಾದರೂ ಕೋಲಿನಿಂದ ಎತ್ತಿ ಹಿಡಿಯಬೇಕು. ಒಂದು ಮಧ್ಯಾಹ್ನ ಏಣಿಯ ಮೇಲೆ ನಿಂತು ಒಂದೊಂದೇ ಕೇಬಲ್ ಎಳೆದು ಮೇಲಿನ ಅಚ್ಚಿನ ಅಕ್ಷರ ಓದುತ್ತಿದ್ದ ಹುಡುಗನನ್ನು ಮಾತಾಡಿಸಿದೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದವನು, ಮನೆಮಾತು ಕನ್ನಡ. ಯಾವುದು ಯಾರದೆಂದು ಗೊತ್ತಾಗುತ್ತದೆಯೇ ಎಂದು ಕೇಳಿದ್ದಕ್ಕೆ, "ಅರ್ಧಕ್ಕರ್ಧ ಸತ್ತ ವೈರು ಅದಾವ್ರಿ ಸರ. ಗಿರಾಕಿ ಬಿಟ್ಟು ಹೋದಮ್ಯಾಲ ವೈರು ಯಾರು ಇಳಸ್ತಾರ? ಹಾಕಾಕ ಪಗಾರ ಕೊಡ್ತಾರ, ಇಳ್ಸಾಕ ಯಾರೂ ಕೊಡಂಗಿಲ್ಲ" ಎಂದ.

ಅವನ ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಹೊಸ ಸಂಪರ್ಕ ಕೊಡುವುದಕ್ಕೆ ದುಡ್ಡಿದೆ, ಪೈಪೋಟಿ ಇದೆ. ಬೀದಿಯ ಒಟ್ಟು ವ್ಯವಸ್ಥೆಯನ್ನು ನೋಡಿಕೊಳ್ಳುವುದಕ್ಕೆ ಯಾರೂ ಇಲ್ಲ. ಪ್ರತಿ ಕಂಪನಿಯೂ ತನ್ನ ಎಳೆಯನ್ನು ತಾನೇ ಎಳೆದುಕೊಂಡಿತು. ನೆಲದಡಿ ಹಾಕಲು ರಸ್ತೆ ಅಗೆಯುವ ಶುಲ್ಕ, ಅನುಮತಿಗಾಗಿ ಅಲೆದಾಟ. ಕಂಬದ ಮೇಲೆ ಎಳೆದರೆ ಒಂದು ಮಧ್ಯಾಹ್ನದ ಕೆಲಸ. ಅಗ್ಗದ ದಾರಿಯನ್ನು ಎಲ್ಲರೂ ಹಿಡಿದರು. ಅದರ ಬೆಲೆಯನ್ನು ಕೊನೆಗೆ ರಥ ಎಳೆಯುವ ಜನ ತೆರಬೇಕಾಯಿತು ಎಂಬುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದೇ ನಗರ ನೂರು ವರ್ಷಕ್ಕೂ ಹಿಂದೆ ನೆಲದಡಿಯ ಯೋಜನೆಯ ಪಾಠ ಕಲಿತಿತ್ತು. ಕಲಿಸಿದವರು ನಮ್ಮವರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಮುಂಬೈ ಪ್ರಾಂತ್ಯದ ಸೇವೆಯಿಂದ ಹೊರಬಂದು ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. 1909ರಲ್ಲಿ ಬಂದ ಅವರು ನದಿಗೆ ಗೋಡೆ ಕಟ್ಟಿ ಎಂದಷ್ಟೇ ಹೇಳಿ ಹೊರಡಲಿಲ್ಲ. ಮೂಸಿಯ ಜಲಾನಯನದ ಮಳೆಯ ಲೆಕ್ಕ ತರಿಸಿದರು. ಮೇಲಿನ ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದು ಪ್ರವಾಹಕ್ಕೆ ಹೇಗೆ ಕೂಡಿಕೊಂಡಿತೆಂದು ಗುರುತಿಸಿದರು. ನಗರದ ಮೇಲ್ಗಡೆ ನೀರು ತಡೆಯುವ ಜಲಾಶಯಗಳ ಸಲಹೆ ಕೊಟ್ಟರು. ಮುಂದೆ ಅವೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರವಾದವು. ನಗರಕ್ಕೆ ವ್ಯವಸ್ಥಿತ ಒಳಚರಂಡಿ ಬೇಕೆಂದೂ ಅವರು ಪಟ್ಟುಹಿಡಿದರು. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು.

ವಿಶ್ವೇಶ್ವರಯ್ಯನವರ ಈ ಕೆಲಸವನ್ನು ಅಣೆಕಟ್ಟಿನ ಕತೆಯಾಗಿ ಓದುವುದು ರೂಢಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಕ್ರಮ. ಮೊದಲು ಅಳತೆ, ಆಮೇಲೆ ಇಡೀ ಊರಿಗೆ ಒಂದೇ ನಕಾಶೆ, ಆಮೇಲೆ ಮನೆಮನೆಯ ಸಂಪರ್ಕ. ಪ್ರತಿ ಮನೆಯವರೂ ತಮ್ಮ ತಮ್ಮ ಚರಂಡಿಯನ್ನು ತಮಗೆ ಬೇಕಾದ ಕಡೆ ಎಳೆದುಕೊಳ್ಳಲಿ ಎಂದು ಅವರು ಬಿಟ್ಟಿದ್ದರೆ ಹೈದರಾಬಾದಿನ ಗತಿ ಏನಾಗುತ್ತಿತ್ತೋ. ಫೈಬರಿನ ವಿಷಯದಲ್ಲಿ ನಾವು ಮಾಡಿರುವುದು ಅದನ್ನೇ.

ಹಾಗೆಂದು ತೆಲಂಗಾಣಕ್ಕೆ ದಾರಿ ಗೊತ್ತಿಲ್ಲವೆಂದಲ್ಲ. ಮಿಷನ್ ಭಗೀರಥ ಯೋಜನೆಯಲ್ಲಿ ಹಳ್ಳಿಹಳ್ಳಿಗೆ ಕುಡಿಯುವ ನೀರಿನ ಕೊಳವೆ ಹಾಕಲು ತೋಡಿದ ಕಾಲುವೆಯಲ್ಲೇ ಫೈಬರಿಗಾಗಿ ಖಾಲಿ ಡಕ್ಟುಗಳನ್ನೂ ಹೂತರು. ಒಂದೇ ಸಲ ಅಗೆತ, ಎರಡು ಕೆಲಸ. ಆ ಆಧಾರದ ಮೇಲೆ ಟಿ-ಫೈಬರ್ ಎಂಬ ರಾಜ್ಯದ ಸ್ವಂತ ಜಾಲ ನಿಂತಿತು. 2024ರ ಡಿಸೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಮನೆಗಳಿಗೆ ಸಂಪರ್ಕ ಕೊಟ್ಟ ಊರುಗಳಲ್ಲಿ ಕರ್ನಾಟಕದ ಗಡಿಗೆ ಹತ್ತಿರದ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದು. ಮದ್ದೂರಿನ ಫೈಬರಿಗೆ ನೆಲದಡಿ ಅಚ್ಚುಕಟ್ಟಾದ ಜಾಗ ಸಿಕ್ಕಿತು, ರಾಜಧಾನಿಯ ಕಾಚಿಗುಡದ ಫೈಬರು ಕಂಬಕ್ಕೆ ಜೋತುಬಿದ್ದಿದೆ.

ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ರಸ್ತೆಗಳನ್ನು ಮಾಡಿದಾಗ ಎದ್ದ ಗಲಾಟೆ ಓದುಗರಿಗೆ ನೆನಪಿರಬಹುದು. ವಿಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಅಗೆದು ಫುಟ್‌ಪಾತಿನಡಿ ನೀರು, ಒಳಚರಂಡಿ, ವಿದ್ಯುತ್, ಟೆಲಿಕಾಂ ಒಂದೊಂದಕ್ಕೂ ಬೇರೆ ಬೇರೆ ಕೊಳವೆ ಹಾಕಿದರು. ಖರ್ಚು ಜಾಸ್ತಿ, ಫುಟ್‌ಪಾತು ಅಗಲ ಮಾಡಿ ರಸ್ತೆ ಕಿರಿದು ಮಾಡಿದರು ಎಂದು ಬೈದವರು ಬಹಳ. ಅಲ್ಲಿ ಈಗ ಹೊಸ ಕೇಬಲ್ ಎಳೆಯಬೇಕೆಂದರೆ ಚೇಂಬರಿನ ಮುಚ್ಚಳ ಎತ್ತಿದರೆ ಸಾಕಾಗುವಂತೆ ವ್ಯವಸ್ಥೆ ಇದೆ. ಬೈಗುಳದಲ್ಲಿ ನ್ಯಾಯವಿದ್ದದ್ದು ಒಂದು ಮಾತಿನಲ್ಲಿ: ಶ್ರೀಮಂತರ ಕೆಲವೇ ರಸ್ತೆಗಳಿಗೆ ಯಾಕೆ? ವಿಧಾನ ಸರಿಯಿತ್ತು, ಹಂಚಿಕೆ ಸರಿಯಿರಲಿಲ್ಲ.

ಜಾಲ ಸರಿಯಾಗಿ ಕೂತರೆ ನಗರಕ್ಕೆ ಏನು ಸಿಗುತ್ತದೆ? ಸಿನಿಮಾ ಬೇಗ ಇಳಿಯುತ್ತದೆ ಎಂಬುದು ನಗರ ಯೋಜಕರಿಗೆ ಮುಖ್ಯವಲ್ಲ. ಅವರಿಗೆ ಬೇಕಾದ ಗುಣಗಳು ಬೇರೆ. 5ಜಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇಟ್ಟ ಗುರಿಗಳಲ್ಲಿ ಒಂದು, ಪ್ರತಿ ಚದರ ಕಿಲೋಮೀಟರಿಗೆ ಹತ್ತು ಲಕ್ಷ ಸಾಧನಗಳನ್ನು ತಡೆದುಕೊಳ್ಳುವ ಶಕ್ತಿ. ಇನ್ನೊಂದು, ಸಂದೇಶ ರೇಡಿಯೊ ಜಾಲವನ್ನು ದಾಟುವ ತಡ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಇಳಿಯಬೇಕೆಂಬುದು. ಮೊದಲನೆಯದು ನೀರಿನ ಮೀಟರು, ಚರಂಡಿಯ ಮಟ್ಟ ನೋಡುವ ಸಂವೇದಕ, ಬೀದಿ ದೀಪ, ಕಸದ ತೊಟ್ಟಿಗಳಿಗೆ. ಎರಡನೆಯದು ವಾಹನ, ಯಂತ್ರಗಳಿಗೆ.

ಈ ಎರಡನೆಯದರ ಪ್ರಯೋಗ ನೋಡಬೇಕಾದರೆ ಸಂಗಾರೆಡ್ಡಿ ಹತ್ತಿರದ ಕಂದಿಯಲ್ಲಿರುವ ಐಐಟಿ ಹೈದರಾಬಾದಿಗೆ ಹೋಗಬೇಕು. ಅಲ್ಲಿ ತಿಹಾನ್ ಎಂಬ ಕೇಂದ್ರ ಚಾಲಕರಿಲ್ಲದ ವಾಹನಗಳಿಗೆಂದೇ ಪರೀಕ್ಷಾ ರಸ್ತೆಗಳನ್ನು ಕಟ್ಟಿದೆ. ಒಳ್ಳೆಯ ಸಂಶೋಧನೆ. ಆದರೆ ಮೆಹದಿಪಟ್ಣಂ ಸರ್ಕಲ್ಲಿನಲ್ಲಿ ಬಸ್ಸು, ಆಟೊ, ತಳ್ಳುಗಾಡಿ, ಎದುರು ದಿಕ್ಕಿನಿಂದ ಬರುವ ಸ್ಕೂಟರುಗಳ ನಡುವೆ ಅಂಥ ವಾಹನ ಓಡುವ ಕಾಲ ಹತ್ತಿರದಲ್ಲಿಲ್ಲ. ನಗರದ ಯೋಜನೆಯನ್ನು ಅದಕ್ಕಾಗಿ ತಿದ್ದುವುದು ಈಗ ಬೇಡ.

ಈಗಲೇ ಫಲ ಕೊಡುವುದು ಸಿಗ್ನಲ್ಲು. ಗೂಗಲ್‌ನ ಗ್ರೀನ್ ಲೈಟ್ ಯೋಜನೆ ಜಗತ್ತಿನ ಹನ್ನೆರಡು ನಗರಗಳಲ್ಲಿ ಶುರುವಾದಾಗ ಅದರಲ್ಲಿ ಹೈದರಾಬಾದ್, ಬೆಂಗಳೂರು, ಕೋಲ್ಕತ್ತಾ ಇದ್ದವು. ನಕ್ಷೆಯ ಆ್ಯಪ್ ಬಳಸುವ ಫೋನುಗಳು ಎಲ್ಲಿ ನಿಲ್ಲುತ್ತವೆ, ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದರ ಒಟ್ಟು ಚಿತ್ರ ನೋಡಿ, ಈ ಸಿಗ್ನಲ್ಲಿನ ಹಸಿರನ್ನು ಕೆಲವು ಸೆಕೆಂಡು ಹಿಂದುಮುಂದು ಮಾಡಿ ಎಂದು ಸಂಚಾರ ಇಲಾಖೆಗೆ ಅದು ಸಲಹೆ ಕೊಡುತ್ತದೆ. ಹೊಸ ಯಂತ್ರ ಬೇಡ, ರಸ್ತೆ ಅಗೆಯುವುದು ಬೇಡ. ಪ್ರಯಾಣಿಕರ ಕೈಯಲ್ಲಿನ ಫೋನೇ ಇಲ್ಲಿ ಅಳತೆಯ ಸಾಧನ.

ಇದನ್ನೇ ಸ್ವಲ್ಪ ಹಿಗ್ಗಿಸಿ ನೋಡಿ. ನಗರದ ಸಂಚಾರ ಯೋಜನೆ ಬರೆಯುವವರು ಇಷ್ಟು ಕಾಲ ಮನೆಮನೆಗೆ ಹೋಗಿ ನೀವು ನಿನ್ನೆ ಎಲ್ಲಿಗೆ ಹೋದಿರಿ, ಯಾವುದರಲ್ಲಿ ಹೋದಿರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಸಮೀಕ್ಷೆ ಮುಗಿದು ವರದಿ ಅಚ್ಚಾಗುವಷ್ಟರಲ್ಲಿ ಊರೇ ಬದಲಾಗಿರುತ್ತದೆ. ಹೈದರಾಬಾದ್ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ ಮೂಲ ವ್ಯಾಪ್ತಿಯೇ ಏಳು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಪ್ರದೇಶದಲ್ಲಿ ಉಪ್ಪಲ್‌ನಿಂದ ರಾಯದುರ್ಗಕ್ಕೆ ಬೆಳಿಗ್ಗೆ ಎಷ್ಟು ಜನ ಹೋಗುತ್ತಾರೆ, ಮಳೆ ಬಂದ ದಿನ ಎಷ್ಟು ಜನ ಮನೆಯಲ್ಲೇ ಉಳಿಯುತ್ತಾರೆ ಎಂಬುದನ್ನು ಮೊಬೈಲ್ ಜಾಲ ಆಗಿಂದಾಗಲೇ ಹೇಳಬಲ್ಲದು. ಹೊಸ ಬಸ್ ಮಾರ್ಗವನ್ನು ಒಂದು ತಿಂಗಳು ಓಡಿಸಿ ನೋಡಿ, ತಪ್ಪಿದ್ದರೆ ತಿದ್ದಬಹುದು.

ಆದರೆ ಇಲ್ಲಿ ನಿಂತು ಯೋಚಿಸಬೇಕು. ಹೈದರಾಬಾದ್ ದೇಶದಲ್ಲೇ ಹೆಚ್ಚು ಕ್ಯಾಮೆರಾ ಕಣ್ಣುಗಳಿರುವ ನಗರಗಳಲ್ಲಿ ಒಂದು. ಬಂಜಾರಾ ಹಿಲ್ಸ್‌ನಲ್ಲಿ 2022ರ ಆಗಸ್ಟ್ 4ರಂದು ಉದ್ಘಾಟನೆಯಾದ ಪೊಲೀಸರ ಕಮಾಂಡ್ ಕಂಟ್ರೋಲ್ ಸೆಂಟರಿನ ಗೋಪುರಗಳು ದೂರದಿಂದಲೇ ಕಾಣುತ್ತವೆ. ಮುಖ ಗುರುತಿಸುವ ತಂತ್ರಜ್ಞಾನದ ಬಳಕೆಯನ್ನು ಪ್ರಶ್ನಿಸಿ ಇಲ್ಲಿನ ಸಾಮಾಜಿಕ ಕಾರ್ಯಕರ್ತರೊಬ್ಬರು ಹೈಕೋರ್ಟಿಗೆ ಹೋದಾಗ 2022ರ ಜನವರಿಯಲ್ಲಿ ನ್ಯಾಯಾಲಯ ಸರ್ಕಾರಕ್ಕೆ ನೋಟಿಸ್ ಕೊಟ್ಟಿತು. ಎಷ್ಟು ಜನ ಹೋದರು ಎಂದು ಎಣಿಸುವುದಕ್ಕೂ ಯಾರು ಹೋದರು ಎಂದು ಹಿಂಬಾಲಿಸುವುದಕ್ಕೂ ಬಳಸುವ ಜಾಲ ಒಂದೇ. ಬಸ್ ಮಾರ್ಗಕ್ಕೆ ಬೇಕಾಗುವುದು ಎಣಿಕೆ ಮಾತ್ರ. ಹೆಸರು, ನಂಬರು ಬೇಡ. ಆ ಗೆರೆಯನ್ನು ಯೋಜನೆಯ ದಾಖಲೆಯಲ್ಲೇ ಬರೆದಿಡದೆ ಹೋದರೆ ವೇಗದ ಜಾಲವನ್ನು ಬಡವರ ಮೊಹಲ್ಲಾಗಳು ಮೊದಲು ಅನುಭವಿಸುವುದು ಕಾವಲಿನ ರೂಪದಲ್ಲಿ, ಸೌಲಭ್ಯದ ರೂಪದಲ್ಲಿ ಅಲ್ಲ. ನನ್ನ ಕಳವಳ ಇದು.

ಮಳೆಯ ವಿಷಯದಲ್ಲಿ ಮಾತ್ರ ಯಾವ ಹಿಂಜರಿಕೆಯೂ ಬೇಕಿಲ್ಲ. 2020ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆ ಹೈದರಾಬಾದಿನ ಜನ ಮರೆಯುವಂಥದ್ದಲ್ಲ. ಕೆರೆಗಳು ತುಂಬಿ ಒಡೆದು, ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ತೆಲಂಗಾಣದ ಯೋಜನಾ ಸಂಸ್ಥೆ ನಡೆಸುವ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿಂದ ಯಾವ ಬಡಾವಣೆಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತೆಂದು ಈಗ ಬೇಗ ತಿಳಿಯುತ್ತದೆ. ಬಿದ್ದ ಮಳೆ ಎಲ್ಲಿ ಸಿಕ್ಕಿಕೊಂಡಿತು ಎಂಬುದು ಗೊತ್ತಾಗಬೇಕಾದರೆ ನಾಲಾಗಳಲ್ಲಿ, ಕೆರೆಯ ಕೋಡಿಗಳಲ್ಲಿ ನೀರಿನ ಮಟ್ಟ ಅಳೆಯುವ ಸಾಧನಗಳು ಬೇಕು. ಇಂಥವಕ್ಕೆ 5ಜಿಯ ಪೂರ್ತಿ ವೇಗವೂ ಬೇಡ. ಅಪರೂಪಕ್ಕೆ ನಾಲ್ಕಂಕಿ ಕಳಿಸುವ, ಒಂದು ಬ್ಯಾಟರಿಯಲ್ಲಿ ವರ್ಷಗಟ್ಟಲೆ ಬದುಕುವ ಸಣ್ಣ ಚಿಪ್ ಸಾಕು. ಆ ಬಗೆಯ ಚಿಪ್ಪನ್ನು ಐಐಟಿ ಹೈದರಾಬಾದಿನಿಂದ ಹುಟ್ಟಿದ ವೈಸಿಗ್ ಕಂಪನಿ ಇಲ್ಲೇ ರೂಪಿಸಿದೆ. ಮಲಕ್‌ಪೇಟೆಯ ನಾಲಾ ಉಕ್ಕುವ ಅರ್ಧ ಗಂಟೆ ಮೊದಲು ಕೆಳಗಿನ ಓಣಿಯ ಜನರ ಫೋನು ಬಾರಿಸಿದರೆ ಮಕ್ಕಳನ್ನೂ ಮುದುಕರನ್ನೂ ಮೇಲಿನ ಮಹಡಿಗೆ ಸಾಗಿಸಬಹುದು. ನಗರವನ್ನು ಜಾಣ ನಗರ ಎಂದು ಕರೆಯುವ ಹಕ್ಕು ಬರುವುದು ಇಂಥ ಅರ್ಧ ಗಂಟೆಯಿಂದ.

ಎಲ್ಲಕ್ಕಿಂತ ನಿಧಾನವಾಗಿ, ಎಲ್ಲಕ್ಕಿಂತ ಆಳವಾಗಿ ಬದಲಾಗುವುದು ಜನ ಎಲ್ಲಿ ವಾಸಿಸುತ್ತಾರೆ, ಎಲ್ಲಿ ದುಡಿಯುತ್ತಾರೆ ಎಂಬುದು. 1998ರ ನವೆಂಬರ್‌ನಲ್ಲಿ ನಗರದ ಪಶ್ಚಿಮಕ್ಕೆ ಮಾದಾಪುರದ ಬಂಡೆಗಳ ನಡುವೆ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಅಂದಿನ ಇಂಟರ್ನೆಟ್ಟು ಕೆಲವೇ ಕಟ್ಟಡಗಳಿಗೆ ಸಿಗುತ್ತಿತ್ತು, ಆದ್ದರಿಂದ ಕೆಲಸವೂ ಆ ಕಟ್ಟಡಗಳ ಸುತ್ತಲೇ ಬೆಳೆಯಿತು. ಫೈಬರ್ ಇದ್ದಲ್ಲಿಗೆ ಜನ ಹೋದರು. 2006ರಲ್ಲಿ ಅಂದಿನ ಆಂಧ್ರ ಸರ್ಕಾರ ನಿವೇಶನದ ಮೇಲೆ ಎಷ್ಟು ಕಟ್ಟಬಹುದು ಎಂಬ ಮಿತಿಯನ್ನು ತೆಗೆದುಹಾಕಿತು. ರಸ್ತೆ ಅಗಲವಿದ್ದಷ್ಟು ಎತ್ತರ ಕಟ್ಟಬಹುದಾಯಿತು. 158 ಕಿಲೋಮೀಟರಿನ ಹೊರ ವರ್ತುಲ ರಸ್ತೆ ಬಂತು. 2023ರ ಆಗಸ್ಟ್‌ನಲ್ಲಿ ಕೋಕಾಪೇಟೆಯ ಹರಾಜಿನಲ್ಲಿ ಒಂದು ಎಕರೆ 100 ಕೋಟಿ ರೂಪಾಯಿ ದಾಟಿತು.

ಕೋವಿಡ್ ಕಾಲದಲ್ಲಿ ಅದೇ ಗಾಜಿನ ಕಟ್ಟಡಗಳು ಖಾಲಿಯಾದವು, ಕೆಲಸ ಮಾತ್ರ ನಿಲ್ಲಲಿಲ್ಲ. ರಾಯಚೂರು, ಕಲಬುರಗಿ, ಬೀದರಿನ ಮನೆಗಳಿಂದಲೇ ಹೈಟೆಕ್ ಸಿಟಿಯ ಕೆಲಸ ನಡೆಯಿತು. ಇನ್ನು ನಗರಗಳು ಹರಡಿಕೊಳ್ಳುತ್ತವೆ, ಸಣ್ಣ ಊರುಗಳು ಬೆಳೆಯುತ್ತವೆ ಎಂದು ಬಹಳ ಜನ ಬರೆದರು. ಎಕರೆಗೆ 100 ಕೋಟಿಯ ಹರಾಜು ನಡೆದದ್ದು ಅದಾದ ಮೇಲೆ. ವೇಗದ ಜಾಲ ಜನರನ್ನು ದೂರ ಇರಲು ಬಿಡುತ್ತದೆ, ಆದರೆ ದೂರ ಹೋಗಿ ಎಂದು ತಾನಾಗಿ ತಳ್ಳುವುದಿಲ್ಲ. ಶಾಲೆ, ಆಸ್ಪತ್ರೆ, ಸಂಬಳ, ಬಡ್ತಿ, ಪಕ್ಕದ ಟೇಬಲ್ಲಿನ ಪರಿಚಯ ಇವೆಲ್ಲ ಪಶ್ಚಿಮಕ್ಕೇ ಎಳೆಯುತ್ತಿದ್ದರೆ 5ಜಿ ಒಂದೇ ಅದನ್ನು ತಿರುಗಿಸಲಾರದು. ತೆಲಂಗಾಣ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಗ್ರಿಡ್ ಎಂಬ ನೀತಿ ತಂದು ಉಪ್ಪಲ್, ಪೋಚಾರಂ, ಕೊಂಪಲ್ಲಿಗಳ ಕಡೆಗೆ ಐಟಿ ಕಂಪನಿಗಳನ್ನು ಸೆಳೆಯಲು ನೋಡಿತು. ಅಂಥ ನೀತಿಯ ಜೊತೆಗೆ ಜಾಲ ಸೇರಿದರೆ ಉಪಯೋಗವಾದೀತು. ಪೋಚಾರಂನ ಹತ್ತಿರವೇ ಮನೆ, ಅಲ್ಲೇ ಸಣ್ಣ ಕಚೇರಿ, ವಾರಕ್ಕೊಮ್ಮೆ ಮಾತ್ರ ಪಶ್ಚಿಮದ ಗಚ್ಚಿಬೌಲಿ ಎನ್ನುವಂತಾದರೆ ಬೆಳಗಿನ ಸಾವಿರಾರು ಕಾರುಗಳು ರಸ್ತೆಗಿಳಿಯುವುದಿಲ್ಲ. ಮೇಲ್ಸೇತುವೆ ಕಟ್ಟುವುದಕ್ಕಿಂತ ಅದು ಅಗ್ಗ.

2023ರ ಸೆಪ್ಟೆಂಬರ್‌ನಲ್ಲಿ ಜಿಯೊ ಏರ್‌ಫೈಬರ್ ಶುರುವಾದ ಎಂಟು ನಗರಗಳಲ್ಲೂ ಹೈದರಾಬಾದ್ ಇತ್ತು. ಮನೆಯ ಮೇಲೊಂದು ಪೆಟ್ಟಿಗೆ ಇಟ್ಟರೆ 5ಜಿ ಅಲೆಯನ್ನೇ ಮನೆಯ ವೈಫೈ ಆಗಿ ಹಂಚುತ್ತದೆ. ಕೇಬಲ್ ಎಳೆಯಲಾಗದ ಹಳೆಯ ಓಣಿಗಳಿಗೆ ಇದು ದೊಡ್ಡ ಅನುಕೂಲ. ಕಂಬದ ಗಂಟುಗಳೂ ಅಷ್ಟು ಕಡಿಮೆಯಾದಾವು. ಆದರೆ ಒಂದೇ ಆಂಟೆನಾವನ್ನು ಇಡೀ ಓಣಿ ಹಂಚಿಕೊಂಡರೆ ಸಂಜೆ ಏಳಕ್ಕೆ ಎಲ್ಲರ ವೇಗವೂ ಕುಸಿಯುತ್ತದೆ. ಕೊನೆಗೆ ಆ ಆಂಟೆನಾಕ್ಕೂ ನೆಲದಡಿಯ ಫೈಬರೇ ಗತಿ.

ಕಟ್ಟಡಗಳ ಒಳಗಿನ ಮಾತು ಇನ್ನೊಂದು. ಬಿಸಿಲು ತಡೆಯಲು ಲೋಹದ ತೆಳುಪದರ ಬಳಿದ ಗಾಜು ರೇಡಿಯೊ ಅಲೆಯನ್ನೂ ತಡೆಯುತ್ತದೆ. ಮೂವತ್ತನೆಯ ಮಹಡಿಯ ಮನೆಯಲ್ಲಿ ಕರೆ ಕಡಿದುಹೋಗುವುದಕ್ಕೆ ಅದೂ ಒಂದು ಕಾರಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮ ತಂದಿತು. ಮನೆ ಕೊಳ್ಳುವವರು ನೀರು, ಲಿಫ್ಟು ಕೇಳಿದ ಹಾಗೆ ಇನ್ನು ಮುಂದೆ ಇದನ್ನೂ ಕೇಳಬಹುದು. ನಾರ್ಸಿಂಗಿಯ ವಸತಿ ಗೋಪುರಗಳಿಗೆ ಇದರಿಂದ ಒಳ್ಳೆಯದಾಗುತ್ತದೆ. ಹಳೇ ನಗರದ ಶಾಲಿಬಂಡಾದ ಗಲ್ಲಿಯ ಬಾಡಿಗೆ ಮನೆಗೆ ರೇಟಿಂಗ್ ಯಾರು ಕೊಡುತ್ತಾರೆ? ಗಿರಾಕಿ ಹೆಚ್ಚು ದುಡ್ಡು ಕೊಡುವ ಕಡೆ ಆಂಟೆನಾ ದಟ್ಟವಾಗುವುದು ವ್ಯಾಪಾರದ ಸಹಜ ನಡೆ. ಅದಕ್ಕೆ ಎದುರಾಗಿ ತೂಕ ಹಾಕಬೇಕಾದದ್ದು ನಗರದ ಆಡಳಿತ. ಡಕ್ಟನ್ನು ಪಾಲಿಕೆಯೇ ಕಟ್ಟಿ, ಎಲ್ಲ ಕಂಪನಿಗಳಿಗೂ ಒಂದೇ ದರದಲ್ಲಿ ಬಾಡಿಗೆಗೆ ಕೊಟ್ಟರೆ ಬಡ ವಾರ್ಡಿಗೆ ಬರುವ ಖರ್ಚು ಇಳಿಯುತ್ತದೆ. ಆ ಬಾಡಿಗೆಯಿಂದಲೇ ಸತ್ತ ಕೇಬಲ್ ಇಳಿಸುವ ಕೂಲಿ ಹುಟ್ಟುತ್ತದೆ. ಯಾವ ರಸ್ತೆಯಡಿ ಏನಿದೆ ಎಂಬ ಒಂದೇ ನಕಾಶೆ ಎಲ್ಲ ಇಲಾಖೆಗಳ ಮುಂದಿರಬೇಕು. ಅಗೆಯುವ ಮೊದಲು ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲೇ ಕಾಲ್ ಬಿಫೋರ್ ಯು ಡಿಗ್ ಆ್ಯಪ್ ತಂದಿದೆ. ಅದನ್ನು ಬಳಸದೆ ಅಗೆದ ಗುತ್ತಿಗೆದಾರರ ಬಿಲ್ಲು ತಡೆಹಿಡಿದರೆ ನಕಾಶೆ ತಾನಾಗಿ ತುಂಬಿಕೊಳ್ಳುತ್ತದೆ.

ಇದಕ್ಕೆ ಒಂದು ಒಳ್ಳೆಯ ಸಂದರ್ಭ ಈಗ ಕಣ್ಣೆದುರಿಗಿದೆ. 2017ರ ನವೆಂಬರ್‌ನಲ್ಲಿ ಶುರುವಾದ ಮೆಟ್ರೊ ಹಳೇ ನಗರವನ್ನು ಮುಟ್ಟದೆ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲೇ ನಿಂತಿದೆ. ಅಲ್ಲಿಂದ ಚಾಂದ್ರಾಯಣಗುಟ್ಟದವರೆಗೆ ಏಳೂವರೆ ಕಿಲೋಮೀಟರ್ ಹೊಸ ಮಾರ್ಗಕ್ಕಾಗಿ ಜಾಗ ಬಿಡಿಸುವ ಕೆಲಸ ನಡೆದಿದೆ. ದಾರುಶ್ಶಿಫಾ, ಹರಿಬೌಲಿ, ಶಾಲಿಬಂಡಾ, ಅಲಿಯಾಬಾದ್, ಫಲಕ್‌ನುಮಾ ದಾರಿಯ ನೂರಾರು ಕಟ್ಟಡಗಳನ್ನು ಪೂರ್ತಿಯೋ ಅರ್ಧವೋ ಕೆಡವಬೇಕಾಗುತ್ತದೆ. ತಲೆಮಾರುಗಳ ಅಂಗಡಿ, ಮನೆ ಬಿಟ್ಟುಕೊಡುವ ಜನರಿಗೆ ಆ ರಸ್ತೆ ಮತ್ತೆ ಇಪ್ಪತ್ತು ವರ್ಷ ಹೀಗೆ ತೆರೆದುಕೊಳ್ಳುವುದಿಲ್ಲ. ಅಗಲವಾಗುವ ಆ ರಸ್ತೆಯ ಎರಡೂ ಫುಟ್‌ಪಾತುಗಳ ಅಡಿ ನಾಲ್ಕು ಡಕ್ಟು, ಪ್ರತಿ ಗಲ್ಲಿಯ ಬಾಯಲ್ಲೊಂದು ಚೇಂಬರು, ಮೆಟ್ರೊ ಕಂಬಗಳಲ್ಲಿ ಆಂಟೆನಾಗಳಿಗೆ ಮೊದಲೇ ಬಿಟ್ಟ ಜಾಗ, ಇಷ್ಟನ್ನು ಟೆಂಡರಿನ ಕಾಗದದಲ್ಲಿ ಸೇರಿಸಲು ಹೊಸ ಕಾನೂನು ಬೇಕಿಲ್ಲ. ಮೆಟ್ರೊ, ಪಾಲಿಕೆ, ಜಲಮಂಡಳಿ, ವಿದ್ಯುತ್ ಕಂಪನಿಗಳ ಎಂಜಿನಿಯರುಗಳು ಒಂದೇ ಮೇಜಿನ ಸುತ್ತ ಕೂತು ಒಂದೇ ನಕಾಶೆಗೆ ಸಹಿ ಹಾಕಬೇಕು, ಕಾಂಕ್ರೀಟು ಬೀಳುವ ಮೊದಲು.